ಎಂಟು ಪಾಲಿನ ಅಂಬಾಸಿಡರ್

ಉಪ್ಪಳದ ನಮ್ಮ ಮನೆಯ ಹಿಂದೆ ತೆಂಗಿನಕಾಯಿ ರಾಶಿ ಹಾಕುವ ಕೊಟ್ಟಿಗೆ ಉಂಟು. ಅದರಲ್ಲಿ 1998ರಿಂದ ಇಪ್ಪತ್ತನಾಲ್ಕು ವರ್ಷ ಉಪ್ಪಾಪನ ಅಂಬಾಸಿಡರ್ ನಿಂತಿತ್ತು. ಮೊದಮೊದಲು ಮಕ್ಕಳು ಅದರೊಳಗೆ ಕೂತು ಡ್ರೈವರ್ ಆಟ ಆಡಿದರು. ಆಮೇಲೆ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಟ್ಟವು. ಕೊನೆಗೆ ಅದರ ಮೇಲೆ ಹಳೆಯ ಬಾಗಿಲು, ಹರಿದ ಚಾಪೆ, ಮುರಿದ ತೊಟ್ಟಿಲು ಎಲ್ಲ ಬಂದು ಕೂತು, ಅಡಿಯಲ್ಲಿ ಒಂದು ಕಾರು ಉಂಟೆಂಬುದೇ ಮನೆಯವರಿಗೆ ಮರೆತುಹೋಯಿತು. 2022ರಲ್ಲಿ ಕೊಟ್ಟಿಗೆ ಕೆಡವಿ ಅಂಗಳ ಮಾಡುವ ಮಾತು ಬಂದಾಗ ಗುಜರಿಯವನನ್ನು ಕರೆಸಿದರು. ಅವನು ಒಂದು ಸುತ್ತು ಹಾಕಿ, ಬಾನೆಟ್ಟಿಗೆ ಎರಡು ಸಲ ತಟ್ಟಿ, 24,000 ರೂಪಾಯಿ ಎಂದ. ಆ ಹೊತ್ತಿಗೆ ನನ್ನ ಬಾಯಿಂದ ಬೇಡ ಎಂಬ ಮಾತು ಹೇಗೆ ಬಂತೋ ಗೊತ್ತಿಲ್ಲ. ಅದಕ್ಕೆ ಮೊದಲು ನಾನು ಆ ಕಾರಿನ ಬಗ್ಗೆ ಯೋಚಿಸಿದವಳೇ ಅಲ್ಲ.

ಇವತ್ತು ಅದರಲ್ಲೇ ಶಾಲೆಗೆ ಹೋಗಿ ಬರುತ್ತೇನೆ. ದಾರಿಯಲ್ಲಿ ನಿಲ್ಲಿಸಿದರೆ ‘ಕೊಡ್ತೀರಾ?’ ಎಂದು ಕೇಳುವವರು ವಾರಕ್ಕೆ ಇಬ್ಬರಾದರೂ ಸಿಗುತ್ತಾರೆ. ‘ಇದು ನನ್ನೊಬ್ಬಳದ್ದಲ್ಲ’ ಎನ್ನುತ್ತೇನೆ. ಅದು ನಿಜವೂ ಹೌದು.

ರಿಪೇರಿಗಿಂತ ಮೊದಲು ಕಾಗದಪತ್ರದ ಕೆಲಸ. ಉಮ್ಮಾಮನ ತಗಡಿನ ಪೆಟ್ಟಿಗೆಯಲ್ಲಿ ಆರ್‌ಸಿ ಪುಸ್ತಕ ಸಿಕ್ಕಿತು. ಆಗಿನ ಆರ್‌ಸಿ ಈಗಿನ ಹಾಗೆ ಕಾರ್ಡು ಅಲ್ಲ, ನಿಜವಾದ ಪುಸ್ತಕ. ಪುಟ ಪುಟಕ್ಕೂ ಮೊಹರು, ಶಾಯಿ, ಅಧಿಕಾರಿಗಳ ಸಹಿ. ಗೆದ್ದಲು ಒಂದು ಮೂಲೆಯನ್ನು ತಿಂದಿತ್ತು, ಬರಹ ಉಳಿದಿತ್ತು. ನಮ್ಮ ಕಡೆಯವರ ಚರಿತ್ರೆ ಬರೆಯಬೇಕಾದರೆ ಇಂಥ ಪುಸ್ತಕಗಳನ್ನು ಮೊದಲು ಓದಬೇಕು ಎಂದು ಆಗ ಅನ್ನಿಸಿತು.

ಮೊದಲ ಪುಟದಲ್ಲಿ ಕಾರಿನ ನಂಬರ್ ‘ಎಂವೈ’ ಅಕ್ಷರಗಳಿಂದ ಶುರುವಾಗುತ್ತದೆ. ಅಂದರೆ ಮೈಸೂರು ರಾಜ್ಯ. ವರ್ಷ 1972. ಆ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಕಾರು ಅದಕ್ಕಿಂತ ಹಿರಿಯದು. ಅದನ್ನು ಮೊದಲು ಇಟ್ಟುಕೊಂಡವರು ಮಂಗಳೂರಿನ ಒಬ್ಬ ವ್ಯಾಪಾರಿ. 1976ರಲ್ಲಿ ಉಪ್ಪಾಪ ಅವರಿಂದ ಕೊಂಡರು. ಬಂದರಿನಲ್ಲಿ ಅವರಿಗೆ ಕೊಬ್ಬರಿ ಮಂಡಿ ಇತ್ತು, ವಿಳಾಸ ಅಲ್ಲಿಯದೇ ಕೊಟ್ಟರು. ಮನೆ ಕೇರಳದಲ್ಲಿ, ಮಂಡಿ ಕರ್ನಾಟಕದಲ್ಲಿ, ಕಾರು ರಾತ್ರಿ ಅಲ್ಲಿ ಮಲಗಿ ಹಗಲು ಇಲ್ಲಿ. 1956ರ ನವೆಂಬರ್ 1ಕ್ಕೆ ಮೊದಲಾಗಿದ್ದರೆ ಇದೊಂದು ಸಂಗತಿಯೇ ಅಲ್ಲ. ಅಲ್ಲಿಯವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಉಪ್ಪಳದಿಂದ ಬಂದರಿಗೆ ಹೋಗುವುದೆಂದರೆ ಮನೆಯಿಂದ ಅಂಗಡಿಗೆ ಹೋದ ಹಾಗೆ. ರಾಜ್ಯ ವಿಂಗಡಣೆಯ ಮರುದಿನವೂ ಉಪ್ಪಾಪ ಅದೇ ದಾರಿಯಲ್ಲಿ ಹೋದರು; ದಾರಿಯ ನಡುವೆ ತಲಪಾಡಿಯಲ್ಲಿ ಒಂದು ಗೆರೆ ಬಂದಿತ್ತು ಅಷ್ಟೇ. ಗೆರೆಯ ಉತ್ತರದವರಿಗೆ ನಾವು ಕೇರಳದವರು, ಕಣ್ಣೂರಿನವರಿಗೆ ಕನ್ನಡದವರು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರಿಗೆ ಸೇರಬೇಕು ಎಂದು ಬರೆದರೂ ಗೆರೆ ಕದಲಲಿಲ್ಲ.

ಐದು ವರ್ಷ ಹೀಗೆ ನಡೆಯಿತು. ಒಂದು ರಾಜ್ಯದ ವಾಹನ ಇನ್ನೊಂದರಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿಯ ನಂಬರ್ ಪಡೆಯಬೇಕೆಂಬುದು ಕಾನೂನು. 1981ರಲ್ಲಿ ಯಾರೋ ಕೈ ಅಡ್ಡ ಹಿಡಿದು ಕೇಳಿದರು. ಉಪ್ಪಾಪ ಕಾರು ಓಡಿಸಿಕೊಂಡು ನೂರು ಕಿಲೋಮೀಟರಿಗೂ ಮೇಲೆ ಕಣ್ಣೂರಿಗೆ ಹೋಗಿ ಕೇರಳದ ನಂಬರ್ ಹಾಕಿಸಿಕೊಂಡು ಬಂದರು. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ, ಅದಕ್ಕೆ ಮೊದಲು ನಾವು ಕಣ್ಣೂರು ಜಿಲ್ಲೆ. ಹೀಗೆ ನಮ್ಮ ಕಾರಿನ ಪುಸ್ತಕದಲ್ಲಿ ಮಂಗಳೂರಿನ ಮೊಹರು, ಕಣ್ಣೂರಿನ ಮೊಹರು, ಕಾಸರಗೋಡಿನ ಮೊಹರು ಮೂರೂ ಉಂಟು. ಕಾರು ಮಾತ್ರ ಎಲ್ಲಿಗೂ ಮನೆ ಬದಲಿಸಲಿಲ್ಲ.

ತೊಂದರೆ ಹುಟ್ಟಿದ್ದು ಈ ಮೊಹರುಗಳಿಂದಲೇ. ಮಂಗಳೂರಿನ ಪುಟದಲ್ಲಿ ಉಪ್ಪಾಪನ ಹೆಸರಿನ ಕೊನೆಗೆ ‘ಬ್ಯಾರಿ’ ಉಂಟು. ಕಣ್ಣೂರಿನ ಪುಟದಲ್ಲಿ ಬ್ಯಾರಿ ಹೋಗಿ ಮನೆಹೆಸರಿನ ಮೊದಲಕ್ಷರ ಮುಂದೆ ಬಂದಿದೆ. ಕಾಸರಗೋಡಿನ ಪುಟದಲ್ಲಿ ಆ ಅಕ್ಷರವೂ ಬೇರೆ, ಹೆಸರಿನ ಸ್ಪೆಲ್ಲಿಂಗೂ ಬೇರೆ. ಬಂದರಿನಲ್ಲಿ ಬ್ಯಾರಿ ಎಂದರೆ ಒಂದು ಗುರುತು. ‘ವ್ಯಾಪಾರ’ದಿಂದ ಬಂದ ಮಾತು ಎಂದು ಹೇಳುವವರಿದ್ದಾರೆ, ಉಪ್ಪಾಪನಿಗೆ ಅದು ಒಪ್ಪುವ ಮಾತೇ. ದಕ್ಷಿಣದ ಕಚೇರಿಯ ಗುಮಾಸ್ತನಿಗೆ ಅದು ಹೆಸರಿನ ಭಾಗವೋ ಜಾತಿಯೋ ಕಸುಬೋ ಗೊತ್ತಾಗಿರಲಿಕ್ಕಿಲ್ಲ, ಬಿಟ್ಟಿದ್ದಾನೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗಾಗಿದೆಯೋ, ಓದುವವರೇ ತಮ್ಮ ಹಳೆಯ ಆಧಾರಪತ್ರಗಳನ್ನು ತೆಗೆದು ನೋಡಬಹುದು. ಮೂರು ಹೆಸರಿನವರೂ ಒಬ್ಬರೇ ಎಂದು ಉಪ್ಪ ಅಫಿಡವಿಟ್ ಮಾಡಿಸಬೇಕಾಯಿತು. ನೋಟರಿ ಓದಿ ನೋಡಿ, ‘ನಿಮ್ಮ ಉಪ್ಪ ಮೂರು ಜನ್ಮ ಎತ್ತಿದ್ದಾರೆ’ ಎಂದು ನಕ್ಕರು.

ಆಮೇಲೆ ಪಾಲಿನ ವಿಷಯ. ಉಪ್ಪಾಪ ತೀರಿಹೋದದ್ದು 1997ರಲ್ಲಿ. ಮನೆ, ತೋಟ, ಮಂಡಿ ಎಲ್ಲ ಆಗಲೇ ಪಾಲಾಯಿತು. ಕಾರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಈಗ ಅದನ್ನು ನನ್ನ ಹೆಸರಿಗೆ ಮಾಡಬೇಕಾದರೆ ವಾರಸುದಾರರೆಲ್ಲರ ಸಹಿ ಬೇಕು. ಉಪ್ಪ, ‘ಆರ್‌ಟಿಓದವರಿಗೆ ಸಹಿ ಸಾಕು, ಅಲ್ಲಾಹನಿಗೆ ಸಾಕಾಗುವುದಿಲ್ಲ’ ಎಂದು ಪಳ್ಳಿಯ ಉಸ್ತಾದರ ಹತ್ತಿರ ಹೋದರು. ಉಮ್ಮಾಮ ಉಪ್ಪಾಪನಿಗಿಂತ ಮೊದಲೇ ತೀರಿದ್ದರಿಂದ ಲೆಕ್ಕ ಸುಲಭ. ಮೂವರು ಗಂಡು, ಇಬ್ಬರು ಹೆಣ್ಣು. ಗಂಡಿಗೆ ಎರಡು, ಹೆಣ್ಣಿಗೆ ಒಂದು. ಒಟ್ಟು ಎಂಟು ಪಾಲು. ಗುಜರಿಯವನು ಹೇಳಿದ 24,000ವನ್ನೇ ಬೆಲೆ ಎಂದು ಹಿಡಿದರೆ ಪಾಲಿಗೆ 3,000. ದೊಡ್ಡಪ್ಪ ದುಬೈಯಿಂದ ಫೋನಿನಲ್ಲಿ, ‘ನನ್ನದು ನಿನಗೆ ಬಿಟ್ಟೆ, ಆದರೆ ಹಾರ್ನು ಬದಲಿಸಬೇಡ’ ಎಂದರು. ಚಿಕ್ಕಪ್ಪ 6,000 ಎಣಿಸಿ ತೆಗೆದುಕೊಂಡರು. ತಪ್ಪಿಲ್ಲ, ಅದು ಅವರ ಹಕ್ಕು. ಸಣ್ಣ ಮಾಮಿಯೂ ಬಿಟ್ಟುಕೊಟ್ಟರು. ದೊಡ್ಡ ಮಾಮಿ ಮಾತ್ರ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ, ಬಿಟ್ಟೂ ಕೊಡಲಿಲ್ಲ. ‘ನನ್ನ ಪಾಲು ಕಾರಿನಲ್ಲೇ ಇರಲಿ. ಇಷ್ಟು ವರ್ಷ ಹಿಂದೆ ಕೂತೆ. ಸರಿಯಾದ ಮೇಲೆ ಮುಂದೆ ಕೂರಿಸು, ಆಗ ಸಹಿ ಹಾಕುತ್ತೇನೆ’ ಎಂದರು. ಸಹಿ ಇಲ್ಲದೆ ಕಾಗದ ಆಗುವುದಿಲ್ಲ, ಕಾಗದ ಇಲ್ಲದೆ ರಸ್ತೆಗೆ ಇಳಿಸುವ ಹಾಗಿಲ್ಲ, ರಸ್ತೆಗೆ ಇಳಿಸದೆ ಅವರನ್ನು ಮುಂದೆ ಕೂರಿಸುವುದು ಹೇಗೆ! ಕೊನೆಗೆ ಅಂಗಳದಲ್ಲಿ ಇಂಜಿನಿಲ್ಲದೆ ನಿಂತ ಕಾರಿನ ಮುಂದಿನ ಸೀಟಿನಲ್ಲಿ ಒಂದು ಮಣೆ ಹಾಕಿ ಕೂರಿಸಿ ಸಹಿ ಹಾಕಿಸಿಕೊಂಡೆವು. ಇದು ಮುಂಗಡ ಮಾತ್ರ ಎಂದು ಅವರು ಎಚ್ಚರಿಸಿದರು.

ಕಾರಿನ ಬಗ್ಗೆ ಸ್ವಲ್ಪ ಹೇಳಬೇಕು. ಇದು ಅಂಬಾಸಿಡರ್ ಮಾರ್ಕ್ 2, ಮುಂದೆ ಚೌಕುಳಿ ಜಾಲರಿಯದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಕಾರಿನ ಅಚ್ಚನ್ನು ತಂದು ಹಿಂದೂಸ್ತಾನ್ ಮೋಟರ್ಸ್‌ನವರು ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ತಯಾರಿಸಲು ಹಿಡಿದದ್ದು 2014ರ ಮೇ ತಿಂಗಳ ತನಕ ನಡೆಯಿತು. 1489 ಸಿಸಿಯ ಪೆಟ್ರೋಲ್ ಇಂಜಿನ್, ಸುಮಾರು 50 ಅಶ್ವಶಕ್ತಿ, ಸ್ಟಿಯರಿಂಗಿನ ಕೆಳಗೆ ಗೇರು, ಮುಂದೆ ಬೆಂಚಿನ ಹಾಗೆ ಒಂದೇ ಉದ್ದ ಸೀಟು. ಆ ಕಾಲಕ್ಕೆ ದೇಶದಲ್ಲಿ ಸಿಗುತ್ತಿದ್ದದ್ದು ಇದು, ಬೊಂಬಾಯಿಯ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್, ಅಷ್ಟೇ. ಹೊಸದಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಉಪ್ಪಾಪನಂಥವರು ಹಳೆಯದಕ್ಕೇ ಒಳ್ಳೆಯ ಬೆಲೆ ಕೊಟ್ಟರು. ಅವರು ಫಿಯೆಟ್ ಬಿಟ್ಟು ಇದನ್ನು ಆರಿಸಿದ್ದಕ್ಕೆ ಒಂದೇ ಕಾರಣ: ಹಿಂದಿನ ಸೀಟಿನಲ್ಲಿ ಒಬ್ಬ ಮನುಷ್ಯನನ್ನು ಅಡ್ಡ ಮಲಗಿಸಬಹುದು.

ಮಲಗಿಸಿದ್ದಾರೆ ಕೂಡ. ಹೆರಿಗೆ ನೋವು ಬಂದವರು, ತೆಂಗಿನ ಮರದಿಂದ ಬಿದ್ದವರು, ಹಾವು ಕಚ್ಚಿದವರು, ಎಲ್ಲ ಜಾತಿಯವರೂ. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಆಗಲೂ ಮಂಗಳೂರು, ಈಗಲೂ ಮಂಗಳೂರು. ಕೇರಳದ ರೇಷನ್ ಕಾರ್ಡ್ ಇದ್ದವರಲ್ಲಿ ಎಷ್ಟೋ ಮಂದಿ ಹುಟ್ಟಿದ್ದು ಲೇಡಿ ಗೋಶನ್‌ನಲ್ಲಿ. ನಮ್ಮ ಮನೆಯಲ್ಲೇ ನಾಲ್ಕು ಮಂದಿ, ನಾನೂ ಸೇರಿ. ಬೊಂಬಾಯಿಗೆ ಹೋಗಿ ಅಲ್ಲಿಂದ ಗಲ್ಫಿಗೆ ಹಾರುವ ಹುಡುಗರನ್ನು ಬಸ್ಸಿಗೆ ಬಿಡಲಿಕ್ಕೂ ಇದೇ ಕಾರು. ಹೋಗುವಾಗ ಡಿಕ್ಕಿಯಲ್ಲಿ ಉಪ್ಪಿನಕಾಯಿ ಭರಣಿ, ಎರಡು ವರ್ಷ ಕಳೆದು ಬರುವಾಗ ಟೇಪ್ ರೆಕಾರ್ಡರ್. ಬಾಡಿಗೆ ಯಾರಿಂದಲೂ ಕೇಳಿದವರಲ್ಲ ಉಪ್ಪಾಪ. ಪೆಟ್ರೋಲ್ ಹಾಕಿಸಿದರೆ ಬೇಡ ಎಂದವರೂ ಅಲ್ಲ.

ರಿಪೇರಿಗೆ ಎರಡು ವರ್ಷ ಹಿಡಿಯಿತು. ದುಡ್ಡಿನ ಮೊತ್ತ ಇಲ್ಲಿ ಬರೆದರೆ ಮನೆಯಲ್ಲಿ ಓದುತ್ತಾರೆ, ಬೇಡ. ಮೆಕ್ಯಾನಿಕ್ ಹಿಂದೆ ಕಾಸರಗೋಡಿನ ಟ್ಯಾಕ್ಸಿ ಸ್ಟ್ಯಾಂಡಿನ ಅಂಬಾಸಿಡರುಗಳನ್ನೆಲ್ಲ ನೋಡಿಕೊಂಡಿದ್ದವರು, ವಯಸ್ಸು ಎಪ್ಪತ್ತರ ಮೇಲೆ. ಅವರು ಮೊದಲು ಇಂಜಿನ್ ನೋಡಲೇ ಇಲ್ಲ, ಕಾರಿನ ಅಡಿಗೆ ಮಲಗಿ ಸ್ಕ್ರೂಡ್ರೈವರಿನಿಂದ ಚುಚ್ಚುತ್ತಾ ಹೋದರು. ಈ ಕಾರಿಗೆ ಬೇರೆಯಾದ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ತಗಡು ತುಕ್ಕು ಹಿಡಿದರೆ ಮೇಲೆ ಎಷ್ಟು ಬಣ್ಣ ಹೊಡೆದರೂ ಕಾರು ನಡುವೆ ಬಾಗುತ್ತದೆ. ಕಡಲಿನ ಉಪ್ಪುಗಾಳಿ, ಆರು ತಿಂಗಳ ಮಳೆ, ಕೊಟ್ಟಿಗೆಯ ಸಗಣಿ ನೆಲ. ಎರಡೂ ಬದಿ ಹಪ್ಪಳವಾಗಿತ್ತು. ಅದನ್ನು ಕೊಯ್ದು ಹೊಸ ತಗಡು ಬೆಸೆಯಲಿಕ್ಕೇ ನಾಲ್ಕು ತಿಂಗಳು. ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಇಲ್ಲ, ಉದ್ದಕ್ಕೆ ಮಲಗಿಸಿದ ಉಕ್ಕಿನ ಸರಳು ತಿರುಚಿಕೊಂಡು ಭಾರ ಹೊರುತ್ತದೆ. ಅದಕ್ಕೆ ಏನೂ ಆಗಿರಲಿಲ್ಲ. ‘ಇದು ನನ್ನನ್ನೂ ನಿನ್ನನ್ನೂ ಹೂಳಿ ಮತ್ತೂ ಇರುತ್ತದೆ’ ಎಂದರು.

ಇಂಜಿನ್ ಜಾಮ್ ಆಗಿತ್ತು. ಪ್ಲಗ್ಗಿನ ತೂತುಗಳಿಗೆ ಎಣ್ಣೆ ಬಿಟ್ಟು ಹತ್ತು ದಿನ ಕಾದು, ಮುಂದಿನಿಂದ ಹ್ಯಾಂಡಲ್ ಹಾಕಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ಬಿಡಿಸಿದರು. ಬೋರು ಕೊರೆಸಿ ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿದೆವು. ಇದರಲ್ಲಿ ನನಗೆ ಗೊತ್ತಿಲ್ಲದ ಒಂದು ಸಂಗತಿ ಕಲಿತೆ. ಹಿಂದಿನ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಉಸಿರಿಗೆ ಅದು ವಿಷ, ಇಂಜಿನಿನ ವಾಲ್ವು ಕೂರುವ ಜಾಗಕ್ಕೆ ಮಾತ್ರ ಅದೇ ರಕ್ಷೆ. 2000ದಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು. ಆ ಹೊತ್ತಿಗೆ ನಮ್ಮ ಕಾರು ಕೊಟ್ಟಿಗೆ ಸೇರಿ ಎರಡು ವರ್ಷ ಆಗಿತ್ತು. ಹಾಗೆಯೇ ಓಡಿಸಿದ್ದರೆ ವಾಲ್ವು ನಿಧಾನಕ್ಕೆ ಹೆಡ್ಡಿನೊಳಗೆ ಇಳಿಯುತ್ತಿತ್ತು. ಲೇತಿನಲ್ಲಿ ಗಟ್ಟಿ ಲೋಹದ ಬಳೆ ಕೂರಿಸಿದರು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಎಥನಾಲ್. ಅದು ಹಳೆಯ ರಬ್ಬರನ್ನು ಕೊಬ್ಬಿಸುತ್ತದೆ, ಟ್ಯಾಂಕಿನಲ್ಲಿ ನಿಂತರೆ ನೀರು ಎಳೆದುಕೊಳ್ಳುತ್ತದೆ. ಹೋಸು, ಪಂಪಿನ ಡಯಾಫ್ರಮ್, ವಾಷರು ಎಲ್ಲ ಬದಲಿಸಿದೆವು. ‘ಇನ್ನು ಇದಕ್ಕೆ ಒಂದೇ ಮದ್ದು, ದಿನಾ ಓಡಿಸುವುದು’ ಎಂದು ಮೆಕ್ಯಾನಿಕ್ ಹೇಳಿದ್ದನ್ನು ನಾನು ಡಾಕ್ಟರ ಚೀಟಿಯ ಹಾಗೆ ಪಾಲಿಸುತ್ತೇನೆ. ದಿನಾ ಓಡಿಸುವುದಕ್ಕೆಂದೇ ಕೆಲವು ಬದಲಾವಣೆ ಮಾಡಿಸಿದೆ: ಡೈನಮೋ ತೆಗೆದು ಆಲ್ಟರ್ನೇಟರ್, ಬ್ರೇಕಿಗೆ ಬೂಸ್ಟರ್, ರೇಡಿಯಲ್ ಟೈರು, ಮುಂದೆ ಸೀಟ್ ಬೆಲ್ಟು. ಹಾರ್ನು ಹಳೆಯದೇ.

ಬಣ್ಣ ಕೆರೆಯುವಾಗ ಮೇಲೆ ಬಿಳಿ ಸಿಕ್ಕಿತು, ಅದರಡಿ ಬೂದು, ಅದರಡಿ ಆಕಾಶನೀಲಿ. ಬಿಳಿ ದೊಡ್ಡ ಮಾಮಿಯ ಮದುವೆಗೆ 1983ರಲ್ಲಿ ಹೊಡೆಸಿದ್ದು. ಬೂದು ಕಣ್ಣೂರಿನ ನಂಬರಿನ ವರ್ಷದ್ದು. ನೀಲಿ ಉತ್ತರಪಾರಾದ್ದು. ನಾನು ನೀಲಿಯನ್ನೇ ಆರಿಸಿದೆ.

ಹಿಂದಿನ ಬಾಗಿಲುಗಳ ಕಿಟಕಿಯ ಮೇಲೆ ಸಣ್ಣ ಕೊಂಡಿಗಳಿದ್ದವು, ಒಂದರಲ್ಲಿ ಸುರುಳಿ ತಂತಿಯ ತುಂಡು. ಪರದೆಯದ್ದು. ಆ ಕಾಲದಲ್ಲಿ ನಮ್ಮ ಕಡೆಯ ಮನೆಗಳ ಕಾರುಗಳಿಗೆ ಹಿಂದಿನ ಮೂರು ಬದಿಗೂ ಪರದೆ. ಉಮ್ಮಾಮ, ಮಾಮಿಯರು ಮನೆಯ ಮೆಟ್ಟಿಲಿನವರೆಗೆ ತಂದು ನಿಲ್ಲಿಸಿದ ಕಾರು ಹತ್ತಿ, ಇನ್ನೊಂದು ಮನೆಯ ಮೆಟ್ಟಿಲಲ್ಲಿ ಇಳಿಯುತ್ತಿದ್ದರು. ನನಗೆ ಆ ಕೊಂಡಿಗಳನ್ನು ನೋಡಿಯೇ ಸಿಟ್ಟು ಬಂತು. ಕಿತ್ತು ತೂತು ಮುಚ್ಚಿಬಿಡಿ ಎಂದು ತಗಡು ಕೆಲಸದವರಿಗೆ ಹೇಳಿ ಬಂದೆ. ದೊಡ್ಡ ಮಾಮಿಗೆ ಇದು ಹೇಗೋ ಗೊತ್ತಾಗಿ ಆಟೋ ಹಿಡಿದು ವರ್ಕ್‌ಶಾಪಿಗೇ ಬಂದರು.

‘ಪರದೆ ಇಲ್ಲದಿದ್ದರೆ ನಮ್ಮನ್ನು ಕರೆದುಕೊಂಡು ಹೋಗುತ್ತಲೇ ಇರಲಿಲ್ಲ’ ಎಂದರು. ಅವರಿಗೆ ಹದಿನಾಲ್ಕಾಗುವಾಗ ಶಾಲೆ ಬಿಡಿಸಿದ್ದರು. ಆಮೇಲೆ ಮದುವೆಯ ತನಕ ಮನೆಯೇ. ತಿಂಗಳಿಗೊಮ್ಮೆ ಉಪ್ಪಾಪ ಮಂಡಿಗೆ ಹೋಗುವಾಗ ಇಬ್ಬರು ಹೆಣ್ಣುಮಕ್ಕಳನ್ನೂ ಹಿಂದೆ ಕೂರಿಸಿಕೊಳ್ಳುತ್ತಿದ್ದರು. ಮಂಡಿಯಲ್ಲಿ ಲೆಕ್ಕ ಮುಗಿಯುವ ತನಕ ಡ್ರೈವರ್ ಇವರನ್ನು ಹಂಪನಕಟ್ಟೆ, ಕಂಕನಾಡಿ, ಸುಲ್ತಾನ್ ಬತ್ತೇರಿ ಎಂದು ಸುತ್ತಾಡಿಸಬೇಕು. ಇಳಿಯುವ ಹಾಗಿಲ್ಲ. ಪರದೆಯ ಅಂಚನ್ನು ಎರಡು ಬೆರಳಿನಷ್ಟು ಸರಿಸಿ ನೋಡುವುದು. ಅಂಗಡಿಗಳ ಬೋರ್ಡು ಓದಿ ಓದಿಯೇ ಮಾಮಿ ಕನ್ನಡ ಅಕ್ಷರ ಮರೆಯದೆ ಉಳಿಸಿಕೊಂಡರಂತೆ. ‘ನಾನು ಇಡೀ ಮಂಗಳೂರನ್ನು ನೋಡಿದ್ದೇನೆ, ಮಂಗಳೂರು ನನ್ನನ್ನು ನೋಡಲಿಲ್ಲ. ಅಷ್ಟೇ ವ್ಯತ್ಯಾಸ. ಅದನ್ನು ಯಾಕೆ ಮುಚ್ಚುತ್ತೀ?’

ಸಣ್ಣ ಮಾಮಿಗೆ ಇದು ಒಪ್ಪಿಗೆ ಇಲ್ಲ. ಒಳಗೆ ಸೆಕೆಯಲ್ಲಿ ವಾಂತಿ ಬರುತ್ತಿತ್ತು, ನೋಡಿದ್ದು ಏನೂ ನೆನಪಿಲ್ಲ, ಸುಡಬೇಕು ಆ ಪರದೆಯನ್ನು ಎನ್ನುತ್ತಾರೆ. ಅಕ್ಕ ತಂಗಿ ಒಂದೇ ಸೀಟಿನಲ್ಲಿ ಕೂತು ಹೋದ ಒಂದೇ ದಾರಿ ಇದು. ನಮ್ಮ ಹೆಂಗಸರ ಚರಿತ್ರೆ ಎಂದು ಯಾರಾದರೂ ಬರೆಯಲು ಕೂತರೆ ಇಬ್ಬರ ಹೇಳಿಕೆಯನ್ನೂ ಬರೆದುಕೊಳ್ಳಬೇಕು. ನಾನು ಒಬ್ಬರನ್ನೂ ಕೇಳದೆ ಕೊಂಡಿ ಕೀಳಲು ಹೊರಟಿದ್ದೆ.

ಕೊಂಡಿಗಳು ಉಳಿದವು. ತಮಾಷೆ ಎಂದರೆ ಈಗ ಪರದೆ ಹಾಕುವುದೇ ಅಪರಾಧ. ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಕೂಡದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಕೇರಳದ ಮೋಟಾರು ವಾಹನ ಇಲಾಖೆ 2021ರ ಜನವರಿಯಲ್ಲಿ ‘ಆಪರೇಷನ್ ಸ್ಕ್ರೀನ್’ ಎಂದು ಹೆಸರಿಟ್ಟು ಫಿಲ್ಮಿನ ಜೊತೆ ಪರದೆ ಹಾಕಿದ ಕಾರುಗಳಿಗೂ ದಂಡ ಹಾಕಿತು. ಮಾಮಿ ಹಸಿರು ಬಟ್ಟೆಯಲ್ಲಿ ಹೊಲಿದುಕೊಟ್ಟ ಪರದೆಯನ್ನು ನಾವು ಅಂಗಳದಲ್ಲಿ ನಿಲ್ಲಿಸಿದಾಗ ಮಾತ್ರ ಎಳೆಯುತ್ತೇವೆ, ಸೀಟಿಗೆ ಬಿಸಿಲು ತಾಗದ ಹಾಗೆ.

ನೋಂದಣಿ ಮಾಡಿಸುವಾಗ ಕೆಲವರು ‘ವಿಂಟೇಜ್’ ಮಾಡಿಸು ಎಂದರು. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಕಾರಿಗೆ ಅದರದ್ದೇ ಬೇರೆ ಸಾಲಿನ ನಂಬರ್ ಸಿಗುತ್ತದೆ. ನಮ್ಮದಕ್ಕೆ ಆ ವಯಸ್ಸು ಆಗಿತ್ತು. ಕೇಳಲು ಚಂದ, ಆದರೆ ಆ ನಂಬರಿನ ಕಾರನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಎಂದು ಮಾತ್ರ ರಸ್ತೆಗೆ ತರಬಹುದು. ಮೀನು ತರಲು ಹೋಗುವ ಹಾಗಿಲ್ಲ. ಅಂಥ ಗೌರವ ನಮಗೆ ಬೇಡವಾಯಿತು. ಸಾಮಾನ್ಯ ಕಾರಿನ ಹಾಗೆಯೇ ಫಿಟ್ನೆಸ್ ತೋರಿಸಿ ನವೀಕರಿಸಿದೆವು. ಶುಲ್ಕ ಆಗ 5,000. 2025ರ ಆಗಸ್ಟಿನಿಂದ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಆಗಿದೆ. ಐದು ವರ್ಷಕ್ಕೊಮ್ಮೆ ಕೊಡಬೇಕು. ಹಳೆಯದನ್ನು ಇಟ್ಟುಕೊಳ್ಳುವವರಿಗೆ ಸರಕಾರ ಪ್ರತಿ ಸಲ ‘ಖಂಡಿತವಾ?’ ಎಂದು ಕೇಳಿದ ಹಾಗೆ.

ಮೊದಲ ದೂರದ ಸವಾರಿ ಮಂಗಳೂರಿಗೆ. ದೊಡ್ಡ ಮಾಮಿ ಮುಂದೆ, ಬೆಲ್ಟು ಕಟ್ಟಿಕೊಂಡು, ಬ್ಯಾಗನ್ನು ಮಡಿಲಲ್ಲಿ ಗಟ್ಟಿ ಹಿಡಿದು. ಹೆದ್ದಾರಿ ಈಗ ಆರು ಪಥ, ಎರಡೂ ಬದಿ ಗೋಡೆ. ಎಡದ ಪಥದಲ್ಲಿ ಅರುವತ್ತರ ವೇಗದಲ್ಲಿ ಹೋದರೆ ಲಾರಿಗಳೂ ನಮ್ಮನ್ನು ಹಿಂದೆ ಹಾಕುತ್ತವೆ. ಹಾಕುವಾಗ ಹಾರ್ನು ಹೊಡೆದು ಕೈ ಬೀಸುತ್ತಾರೆ. ತಲಪಾಡಿ ಬಂದಾಗ ಮಾಮಿ ನಿಲ್ಲಿಸಲು ಹೇಳಿದರು. 2020ರ ಮಾರ್ಚಿನಲ್ಲಿ ಕೊರೋನ ಎಂದು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳು ಆಂಬುಲೆನ್ಸಿನಲ್ಲೇ ಹಿಂದೆ ತಿರುಗಿದ್ದು, ಕೆಲವರು ತೀರಿಕೊಂಡದ್ದು ಪತ್ರಿಕೆಗಳಲ್ಲಿ ಬಂತು, ಕೋರ್ಟಿಗೂ ಹೋಯಿತು. ಮಾಮಿಯ ಗಂಡನಿಗೆ ವಾರಕ್ಕೆರಡು ಡಯಾಲಿಸಿಸ್, ಮಂಗಳೂರಿನಲ್ಲಿ. ಆಗ ಮೂರು ಸರದಿ ತಪ್ಪಿತ್ತು. ಕಣ್ಣೂರಿನ ಕಡೆಗೆ ಕರೆದುಕೊಂಡು ಹೋಗಿ ಹೇಗೋ ಉಳಿದರು, ಅದಾಗಿ ಎರಡು ವರ್ಷ ಬದುಕಿದ್ದರು. ಮಣ್ಣು ಹಾಕಿದ ಜಾಗ ಯಾವುದು ಎಂದು ಮಾಮಿ ಕೇಳಿದರು. ಹೊಸ ರಸ್ತೆಯಲ್ಲಿ ನನಗೆ ಗುರುತು ಸಿಗಲಿಲ್ಲ. ಎರಡು ನಿಮಿಷ ಕೂತೆವು. ಆಮೇಲೆ ಅವರೇ, ‘ಹೋಗು, ಬಿಸಿಲೇರುತ್ತದೆ’ ಎಂದರು.

ಬಂದರಿನಲ್ಲಿ ಮಂಡಿ ಇದ್ದ ಓಣಿಗೆ ಕಾರು ನುಗ್ಗಲಿಲ್ಲ, ಅಷ್ಟು ಸ್ಕೂಟರುಗಳು. ಹಂಪನಕಟ್ಟೆಯಲ್ಲಿ ಸಿಗ್ನಲ್ ಬಿದ್ದಾಗ ಮಾಮಿ ಕಿಟಕಿಯ ಗಾಜು ಪೂರ್ತಿ ಇಳಿಸಿ, ಮೊಣಕೈ ಹೊರಗಿಟ್ಟು, ಎದುರಿನ ಬೋರ್ಡುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಪಕ್ಕದ ಬಸ್ಸಿನವರೆಲ್ಲ ನೋಡಿದರು.

ಬರುವ ಪೆರ್ನಾಲಿಗೆ ಸಣ್ಣ ಮಾಮಿಯ ಸರದಿ. ಅವರಿಗೆ ಹಿಂದಿನ ಸೀಟೇ ಬೇಕಂತೆ, ಕಾಲು ಚಾಚಿ ಕೂರಲಿಕ್ಕೆ. ಪರದೆಯನ್ನು ಮೊದಲೇ ಬಿಚ್ಚಿ ಮನೆಯಲ್ಲಿಟ್ಟು ಬರಬೇಕಂತೆ.